ಐವತ್ತೆಂಟು ನೋಟ್‌ಬುಕ್ಕುಗಳು: ದಿನನಿತ್ಯದ ಕೆಲಸದಲ್ಲಿ ಸಂತೋಷ ಎಲ್ಲಿಂದ ಬರುತ್ತದೆ?

ಇಂಟರ್ನ್‌ಶಿಪ್‌ಗೆ ಹೊರಡುವ ಹಿಂದಿನ ದಿನ ನಮ್ಮ ಕಾಲೇಜಿನಲ್ಲಿ ನಡೆದ ಪೂರ್ವಸಿದ್ಧತಾ ಸಭೆಯಲ್ಲಿ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟಿದ್ದರು. 'ನೀವು ಶಿಕ್ಷಕ ವೃತ್ತಿಗೆ ಏಕೆ ಬಂದಿರಿ?' ಎಂಬುದಕ್ಕೆ ಎರಡು ಸಾಲು ಬರೆಯಬೇಕಿತ್ತು. ಹೆಸರು ಹಾಕುವಂತಿರಲಿಲ್ಲ. ಆದರೂ ಓದಿ ಹೇಳಿದಾಗ ಹೆಚ್ಚುಕಡಿಮೆ ಎಲ್ಲ ಚೀಟಿಗಳಲ್ಲೂ ಒಂದೇ ಮಾತು: ಬೋಧನೆ ನನ್ನ ಬಾಲ್ಯದ ಕನಸು, ಮಕ್ಕಳೆಂದರೆ ನನಗೆ ಪ್ರಾಣ. ನಾನೂ ಅದನ್ನೇ ಬರೆದಿದ್ದೆ. ಅದು ನಿಜವಾಗಿರಲಿಲ್ಲ. ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ. ಸೀಟು ಸಿಗದೆ, ಎರಡು ವರ್ಷ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಸ್ಯಾಂಪಲ್ ಪರೀಕ್ಷೆ ಮಾಡಿಕೊಂಡಿದ್ದವಳು ನಾನು. 'ಬಿ.ಇಡಿ. ಮಾಡ್ಕೋ, ಟಿಇಟಿ ಬರಿ, ಹುದ್ದೆ ಕರೆದಾಗ ಅರ್ಜಿ ಹಾಕಬಹುದು' ಎಂದು ಮನೆಯಲ್ಲಿ ಹೇಳಿದರು, ಬಂದೆ.

ಆ ಸುಳ್ಳು ಚೀಟಿ ನನ್ನನ್ನು ಬಹಳ ದಿನ ಕಾಡಿತು. ಉತ್ಸಾಹ ಇದ್ದವರಷ್ಟೇ ಒಳ್ಳೆಯ ಶಿಕ್ಷಕರಾಗುತ್ತಾರೆ ಎಂದು ನಾವು ಪದೇ ಪದೇ ಕೇಳುತ್ತೇವೆ. ಹಾಗಿದ್ದರೆ ಅದಿಲ್ಲದೆ ಬಂದವರ ಗತಿ ಏನು? ಈ ಲೇಖನ ಆ ಪ್ರಶ್ನೆಯ ಬಗ್ಗೆ. ಉತ್ಸಾಹವೆಂಬುದು ವೃತ್ತಿಗೆ ಬರುವಾಗ ಮನೆಯಿಂದ ಕಟ್ಟಿಕೊಂಡು ಬರುವ ಬುತ್ತಿಯಲ್ಲ, ಕೆಲವು ಸ್ಥಿತಿಗಳು ಕೂಡಿಬಂದಾಗ ಕೆಲಸದೊಳಗೇ ಅದು ಹುಟ್ಟುತ್ತದೆ ಎಂಬುದು ಶಾಲೆಯಲ್ಲಿ ನಾನು ಕಂಡುಕೊಂಡದ್ದು. ಅದನ್ನು ಪಾಠ ಹೇಳುವಾಗ ಕಂಡುಕೊಳ್ಳಲಿಲ್ಲ. ನೋಟ್‌ಬುಕ್ ತಿದ್ದುವಾಗ ಕಂಡುಕೊಂಡೆ. ನಮ್ಮ ಕೆಲಸಗಳಲ್ಲೆಲ್ಲ ಅತ್ಯಂತ ಬೇಸರದ್ದು ಎಂದು ಎಲ್ಲರೂ ಒಪ್ಪುವ ಕೆಲಸ ಅದು.

ನನ್ನದೇ ಕೈಬರಹವನ್ನು ಐವತ್ತೆಂಟು ಸಲ ಓದಿದ್ದು

ನನಗೆ ಸಿಕ್ಕಿದ್ದು ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೇ ತರಗತಿಯ ಮೂರು ವಿಭಾಗಗಳಿಗೆ ಭೌತವಿಜ್ಞಾನದ ಪಾಠಗಳು. ಮಾರ್ಗದರ್ಶಿ ಶಿಕ್ಷಕರು ಮೊದಲ ವಾರವೇ 'ಬಿ' ವಿಭಾಗದ ನೋಟ್‌ಬುಕ್ಕುಗಳನ್ನು ನನಗೆ ಒಪ್ಪಿಸಿದರು. ಒಟ್ಟು 58. ಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದೆ: ಒಂದು ಪುಸ್ತಕಕ್ಕೆ ಬರೀ 50 ಸೆಕೆಂಡು ಹಿಡಿದರೂ 48 ನಿಮಿಷ. ಅಂದರೆ 40 ನಿಮಿಷದ ಒಂದು ಪೀರಿಯಡ್‌ಗಿಂತ ಹೆಚ್ಚು. ಅದೂ ಒಂದು ವಿಭಾಗಕ್ಕೆ, ಒಂದು ಸಲಕ್ಕೆ.

ಕೆಂಪು ಪೆನ್ನು ಹಿಡಿದು ಕೂತೆ. ಹತ್ತನೇ ಪುಸ್ತಕಕ್ಕೆ ಬರುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಎಲ್ಲ ಪುಸ್ತಕಗಳೂ ಒಂದೇ. ಓಮ್‌ನ ನಿಯಮದ ನಿರೂಪಣೆ, ಚಿತ್ರ, ಸೂತ್ರ, ಏಕಮಾನ, ಎಲ್ಲವೂ ನಾನು ಬೋರ್ಡಿನ ಮೇಲೆ ಬರೆದದ್ದರ ನಕಲು. ನಾನು ಅವಸರದಲ್ಲಿ 'ವಿಭವಾಂತರ' ಎನ್ನುವಾಗ ಒಂದು ಅಕ್ಷರ ತಪ್ಪಿ ಬರೆದಿದ್ದೆನೆಂದು ಕಾಣುತ್ತದೆ, ಐವತ್ತೆಂಟು ಮಕ್ಕಳಲ್ಲಿ ಐವತ್ತಕ್ಕೂ ಹೆಚ್ಚು ಜನ ಆ ತಪ್ಪನ್ನೂ ನಿಷ್ಠೆಯಿಂದ ಬರೆದುಕೊಂಡಿದ್ದರು. ಹಾಗಾದರೆ ನಾನು ತಿದ್ದುತ್ತಿದ್ದದ್ದು ಮಕ್ಕಳನ್ನಲ್ಲ, ನನ್ನನ್ನೇ. ಈ ಕೆಲಸದಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಬೇಸರಕ್ಕೆ ಕಾರಣ ಕೆಲಸ ದೊಡ್ಡದಿದೆ ಎಂಬುದಲ್ಲ, ಅದರಲ್ಲಿ ತಿಳಿಯಬೇಕಾದದ್ದು ಏನೂ ಇಲ್ಲ ಎಂಬುದು ಎಂದು ಆಗ ನನಗೆ ಹೊಳೆಯಲಿಲ್ಲ. 'ನನಗೆ ಈ ವೃತ್ತಿ ಒಗ್ಗುವುದಿಲ್ಲ' ಎಂದಷ್ಟೇ ಅಂದುಕೊಂಡೆ. ಅಂದಿನ ದಿನಚರಿಯಲ್ಲಿ 'ನೋಟ್‌ಬುಕ್ ಪರಿಶೀಲನೆ ಯಶಸ್ವಿಯಾಗಿ ಪೂರ್ಣಗೊಂಡಿತು' ಎಂದು ಬರೆದು ಸಹಿ ಹಾಕಿಸಿಕೊಂಡೆ.

ಗಂಟೆ ಹೊಡೆದ ದಿನ

ಮುಂದಿನ ವಾರ ನಡೆದದ್ದು ಯೋಜನೆಯಿಂದಲ್ಲ, ಎಡವಟ್ಟಿನಿಂದ. ಸರಣಿ ಜೋಡಣೆಯ ಪಾಠ ಮಾಡುತ್ತಿದ್ದೆ. ಪೀಠಿಕೆಗೇ ಹದಿನೈದು ನಿಮಿಷ ಕಳೆದುಹೋಗಿತ್ತು (ಪಾಠಯೋಜನೆಯಲ್ಲಿ ಐದು ಎಂದು ಬರೆದಿದ್ದೆ). ಕೊನೆಗೆ ಒಂದು ಮಂಡಲದ ಚಿತ್ರ ಬರೆದು ಪ್ರಶ್ನೆ ಹಾಕಿದೆ: ಬಲ್ಬಿಗೆ ಹೋಗುವ ತಂತಿಯಲ್ಲಿ ಮತ್ತು ಬಲ್ಬಿನಿಂದ ಹಿಂದಿರುಗುವ ತಂತಿಯಲ್ಲಿ ವಿದ್ಯುತ್ ಪ್ರವಾಹ ಎಷ್ಟೆಷ್ಟು? ಬಾಣದ ಗುರುತಿನಿಂದ ತೋರಿಸಿ, ಕಾರಣ ಬರೆಯಿರಿ. ಉತ್ತರವನ್ನು ಬೋರ್ಡಿನ ಮೇಲೆ ಬರೆಯುವಷ್ಟರಲ್ಲಿ ಗಂಟೆ ಹೊಡೆಯಿತು. 'ನೀವೇ ಬರ್ಕೊಂಡು ಬನ್ನಿ' ಎಂದು ಹೇಳಿ ಓಡಿದೆ.

ಮರುದಿನ ಬಂದ ಪುಸ್ತಕಗಳನ್ನು ತೆರೆದಾಗ ಮೊದಲ ಸಲ ಅವು ಬೇರೆ ಬೇರೆಯಾಗಿದ್ದವು. ಮೂರನೇ ಬೆಂಚಿನ ಒಬ್ಬ ಹುಡುಗಿ ಬಲ್ಬಿಗೆ ಮುಂಚೆ ದಪ್ಪ ಬಾಣ, ನಂತರ ತೆಳು ಬಾಣ ಹಾಕಿದ್ದಳು. ಕೆಳಗೆ, 'ಬಲ್ಬ್ ಉರಿಯಲು ಸ್ವಲ್ಪ ಕರೆಂಟ್ ತಿನ್ನುತ್ತದೆ, ಉಳಿದದ್ದು ವಾಪಸ್ ಹೋಗುತ್ತದೆ.' ಇನ್ನೊಬ್ಬ ಹಿಂದಿರುಗುವ ತಂತಿಯಲ್ಲಿ ಬಾಣವನ್ನೇ ಹಾಕಿರಲಿಲ್ಲ, 'ಅದು ಖಾಲಿ ವೈರು' ಎಂದಿದ್ದ. ಮತ್ತೊಬ್ಬ ಬ್ಯಾಟರಿಯ ಎರಡೂ ತುದಿಯಿಂದ ಬಲ್ಬಿನ ಕಡೆಗೆ ಬಾಣ ಬಿಟ್ಟು, ಎರಡು ಕರೆಂಟೂ ಬಲ್ಬಿನೊಳಗೆ ಡಿಕ್ಕಿ ಹೊಡೆದು ಬೆಳಕು ಬರುತ್ತದೆ ಎಂದು ವಿವರಿಸಿದ್ದ. ನಾನು ಕೆಂಪು ಪೆನ್ನನ್ನು ಕೆಳಗಿಟ್ಟೆ. ತಪ್ಪು ಗುರುತು ಹಾಕಿ ಮುಂದೆ ಹೋಗಲು ಮನಸ್ಸಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಮೇಜು ಸಾಲದೆ, ಬಿಸಿಯೂಟದ ವೇಳೆಯಲ್ಲಿ ಪಕ್ಕದ ಪ್ರಯೋಗಾಲಯದ ನೆಲದ ಮೇಲೆ ಪುಸ್ತಕಗಳನ್ನು ಗುಂಪು ಗುಂಪಾಗಿ ಹರಡಿದೆ. 'ತಿನ್ನುತ್ತದೆ' ಗುಂಪು, 'ಖಾಲಿ ವೈರು' ಗುಂಪು, 'ಡಿಕ್ಕಿ' ಗುಂಪು, ಎರಡೂ ಕಡೆ ಒಂದೇ ಎನ್ನುವ ಗುಂಪು. 'ತಿನ್ನುತ್ತದೆ' ಗುಂಪೇ ಎಲ್ಲಕ್ಕಿಂತ ದೊಡ್ಡದು. ಸರಿ ಉತ್ತರದ ಗುಂಪಿನಲ್ಲೂ ಕಾರಣ ಬರೆದವರು ಬೆರಳೆಣಿಕೆಯಷ್ಟು.

ಮಾರ್ಗದರ್ಶಿ ಶಿಕ್ಷಕರು ಬಾಗಿಲಲ್ಲಿ ನಿಂತು, 'ಏನಮ್ಮಾ, ಪುಸ್ತಕ ಮಾರೋಕೆ ಕೂತಿದ್ದೀಯಾ?' ಎಂದರು. ಆಗ ಗಂಟೆ ನೋಡಿದೆ. ಮುಕ್ಕಾಲು ಗಂಟೆ ಕಳೆದಿತ್ತು. ಊಟ ಮಾಡಿರಲಿಲ್ಲ.

ಈ ತಪ್ಪುಗಳು ಎಲ್ಲಿಂದ ಬಂದವು ಎಂದು ಆಮೇಲೆ ಯೋಚಿಸಿದೆ. ಮಕ್ಕಳು ದಡ್ಡತನದಿಂದ ಬರೆದದ್ದಲ್ಲ. ಮನೆಯಲ್ಲಿ ನಾವೆಲ್ಲ ಆಡುವುದೇ ಹಾಗೆ: ಗೀಸರ್ ಜಾಸ್ತಿ ಕರೆಂಟ್ ಎಳೆಯುತ್ತೆ, ಫ್ಯಾನ್ ಆಫ್ ಮಾಡು ಕರೆಂಟ್ ಉಳಿಸು, ಈ ತಿಂಗಳು ಕರೆಂಟ್ ಬಿಲ್ಲು ಜಾಸ್ತಿ ಬಂತು. ಖರ್ಚಾಗುವುದು ಪ್ರವಾಹವಲ್ಲ, ಶಕ್ತಿ. ಬಿಲ್ಲಿನಲ್ಲಿ ಇರುವ ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಗಂಟೆ, ಅದು ಶಕ್ತಿಯ ಅಳತೆ. ಆದರೆ ನಮ್ಮ ಆಡುಮಾತಿನಲ್ಲಿ ಪ್ರವಾಹಕ್ಕೂ ಶಕ್ತಿಗೂ ಸೇರಿ ಇರುವುದು 'ಕರೆಂಟ್' ಎಂಬ ಒಂದೇ ಪದ. ಹುಡುಗಿ ತನ್ನ ಭಾಷೆಗೆ ಪ್ರಾಮಾಣಿಕಳಾಗಿದ್ದಳು. ಆ ವಾರಾಂತ್ಯ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿದಾಗ, ನ್ಯೂಜಿಲೆಂಡಿನಲ್ಲಿ ರೋಜರ್ ಆಸ್ಬೋರ್ನ್ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ಮಕ್ಕಳನ್ನು ಇದೇ ವಿಷಯದ ಬಗ್ಗೆ ಕೇಳಿ, ಇದೇ ಮಾದರಿಗಳನ್ನು ಗುರುತಿಸಿದ್ದು ಓದಿದೆ. ಹಿಂದಿರುಗುವ ತಂತಿ ಖಾಲಿ ಎನ್ನುವುದು, ಎರಡು ಪ್ರವಾಹ ಡಿಕ್ಕಿಯಾಗುವುದು, ಬಲ್ಬಿನಲ್ಲಿ ಸ್ವಲ್ಪ ಖರ್ಚಾಗುವುದು, ಎಲ್ಲವೂ ಅಲ್ಲಿದ್ದವು. ನಮ್ಮ ಆಡುಮಾತನ್ನೇ ಕೇಳದ ಮಕ್ಕಳೂ ಅಲ್ಲಿಗೇ ತಲುಪಿದ್ದರು ಎಂದಮೇಲೆ ಭಾಷೆಯೊಂದೇ ಕಾರಣವಲ್ಲ ಎಂದಾಯಿತು. ನನ್ನ ಊಹೆ ಅರ್ಧ ಮುರಿದುಬಿತ್ತು. ವಿಚಿತ್ರವೆಂದರೆ, ಅದರಿಂದಲೂ ಖುಷಿಯೇ ಆಯಿತು.

ಪಿಯಾಜೆಗೆ ಸಿಕ್ಕಿದ ಬೇಸರದ ಕೆಲಸ

ನಮಗೆಲ್ಲ ಪಿಯಾಜೆ ಎಂದರೆ ನಾಲ್ಕು ಹಂತಗಳು, ಹತ್ತು ಅಂಕಗಳು. ಆ ಮನುಷ್ಯ ಮಕ್ಕಳ ಚಿಂತನೆಯ ಕಡೆಗೆ ಬಂದದ್ದು ಹೇಗೆ ಎಂಬುದನ್ನು ನಾನು ಪರೀಕ್ಷೆಗೆ ಓದುವಾಗ ಗಮನಿಸಿರಲಿಲ್ಲ. ಜೀನ್ ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಓದಿದ್ದು ಜೀವವಿಜ್ಞಾನ, ಮೊದಲ ಸಂಶೋಧನೆ ಬಸವನಹುಳುವಿನಂಥ ಮೃದ್ವಂಗಿಗಳ ಮೇಲೆ. ಪ್ಯಾರಿಸ್ಸಿಗೆ ಬಂದಾಗ, ಅಂದರೆ ಹೆಚ್ಚುಕಡಿಮೆ ನನ್ನ ವಯಸ್ಸಿನಲ್ಲಿ, ಬುದ್ಧಿಶಕ್ತಿ ಪರೀಕ್ಷೆಯ ಖ್ಯಾತಿಯ ಥಿಯೊಡೋರ್ ಸಿಮೊನ್ ಅವರಿಗೆ ಒಂದು ಕೆಲಸ ಒಪ್ಪಿಸಿದರು. ಇಂಗ್ಲೆಂಡಿನ ಸಿರಿಲ್ ಬರ್ಟ್ ರೂಪಿಸಿದ್ದ ತಾರ್ಕಿಕ ಪ್ರಶ್ನೆಗಳನ್ನು ಪ್ಯಾರಿಸ್ಸಿನ ಶಾಲಾಮಕ್ಕಳಿಗೆ ಕೇಳಿ, ಯಾವ ವಯಸ್ಸಿನವರು ಎಷ್ಟು ಸರಿ ಉತ್ತರ ಕೊಡುತ್ತಾರೆಂದು ಪ್ರಮಾಣೀಕರಿಸುವುದು. ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳು, ಸರಿ ತಪ್ಪು ಗುರುತು ಹಾಕು. ನಮ್ಮ ನೋಟ್‌ಬುಕ್ ಕೆಲಸಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ಪಿಯಾಜೆ ಈ ಕೆಲಸವನ್ನು ಆರಂಭಿಸಿದ್ದು ಒಲ್ಲದ ಮನಸ್ಸಿನಿಂದಲೇ ಎಂದು ಅವರೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಸ್ವಲ್ಪ ದಿನದಲ್ಲೇ ಅವರ ಗಮನ ಸರಿ ಉತ್ತರಗಳಿಂದ ತಪ್ಪು ಉತ್ತರಗಳ ಕಡೆಗೆ ಹೊರಳಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಾರಲ್ಲ, ಏಕೆ? ಮಗುವಿನೊಡನೆ ಮಾತು ಬೆಳೆಸಿ, 'ಹಾಗೆ ಯಾಕೆ ಅನಿಸಿತು?' ಎಂದು ಕೇಳತೊಡಗಿದರು. ಅಂಕ ಹಾಕುವ ಕೆಲಸ ಹೀಗೆ ಕೇಳುವ ಕೆಲಸವಾಯಿತು. ಮುಂದಿನ ಅರವತ್ತು ವರ್ಷ, 1980ರಲ್ಲಿ ತೀರಿಕೊಳ್ಳುವವರೆಗೆ, ಅವರು ಬಿಡದೆ ಮಾಡಿದ್ದು ಅದನ್ನೇ.

ಪಿಯಾಜೆಗೆ ಆ ಉತ್ಸಾಹ ಮೊದಲೇ ಇರಲಿಲ್ಲ. ಕೆಲಸವನ್ನೂ ಬದಲಾಯಿಸಿಕೊಳ್ಳಲಿಲ್ಲ. ಅದೇ ಮಕ್ಕಳು, ಅದೇ ಪ್ರಶ್ನೆಪತ್ರಿಕೆ. ಬದಲಾದದ್ದು ಆ ಕೆಲಸಕ್ಕೆ ಅವರು ಹಾಕಿಕೊಂಡ ಪ್ರಶ್ನೆ. (ನಮ್ಮ ಶೈಕ್ಷಣಿಕ ಮನೋವಿಜ್ಞಾನದ ತರಗತಿಯಲ್ಲಿ ಈ ಕಥೆಯನ್ನು ಹಂತಗಳಿಗಿಂತ ಮೊದಲು ಹೇಳಿದರೆ ಚೆನ್ನ ಎಂದು ಗುರುಗಳಲ್ಲಿ ಒಂದು ವಿನಂತಿ.)

ತನ್ಮಯತೆ ಮತ್ತು ಮೂರನೇ ವಿಭಾಗ

ಕೆಲಸದಲ್ಲಿ ಹೊತ್ತು ಹೋದದ್ದೇ ತಿಳಿಯದಂಥ ಸ್ಥಿತಿಯನ್ನು ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಬೆಟ್ಟ ಹತ್ತುವವರು, ಚದುರಂಗದ ಆಟಗಾರರು, ನೃತ್ಯಗಾರರು, ಶಸ್ತ್ರಚಿಕಿತ್ಸಕರು ಮುಂತಾದವರನ್ನು ಮಾತಾಡಿಸಿ 1975ರಲ್ಲಿ ಪುಸ್ತಕ ಬರೆದರು. ಆ ಸ್ಥಿತಿಯನ್ನು ನಾವು ತನ್ಮಯತೆ ಎನ್ನಬಹುದು. ಅದು ಉಂಟಾಗಬೇಕಾದರೆ ಮಾಡಬೇಕಾದದ್ದು ಸ್ಪಷ್ಟವಾಗಿರಬೇಕು, ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದು ಕೂಡಲೇ ತಿಳಿಯಬೇಕು, ಸವಾಲು ನಮ್ಮ ಕೌಶಲಕ್ಕೆ ಹೊಂದಿಕೊಂಡಿರಬೇಕು ಎನ್ನುತ್ತಾರೆ. ಸವಾಲು ಹೆಚ್ಚಾದರೆ ಆತಂಕ, ಕೌಶಲ ಹೆಚ್ಚಾಗಿ ಸವಾಲು ಕಡಿಮೆಯಾದರೆ ಬೇಸರ.

ಒಂದೇ ಪಾಠವನ್ನು ಮೂರು ವಿಭಾಗಗಳಿಗೆ ಮಾಡಿದ ಪ್ರಶಿಕ್ಷಣಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 'ಎ' ವಿಭಾಗದಲ್ಲಿ ಕೈ ನಡುಗಿ ಸೀಮೆಸುಣ್ಣ ಮುರಿಯುತ್ತದೆ. 'ಬಿ'ಯಲ್ಲಿ ಪಾಠ ಚೆನ್ನಾಗಿ ಆಗುತ್ತದೆ. 'ಸಿ'ಗೆ ಬರುವಷ್ಟರಲ್ಲಿ ಬಾಯಿ ತಾನಾಗಿ ಮಾತಾಡುತ್ತಿರುತ್ತದೆ, ಮನಸ್ಸು ಬಸ್ಸಿನ ಹೊತ್ತನ್ನು ಎಣಿಸುತ್ತಿರುತ್ತದೆ, ನಗಿಸಲು ಹೇಳಿದ ಮಾತು ಕೂಡ ಹಳಸಿರುತ್ತದೆ. 'ಸಿ' ವಿಭಾಗದ ಮಕ್ಕಳು ಸ್ಪಂದಿಸುವುದಿಲ್ಲ ಎಂದು ನಾನು ಎರಡು ವಾರ ದೂರಿದ್ದೆ. ಅವರು ಸ್ಪಂದಿಸದಿದ್ದದ್ದು ನನ್ನ ಬೇಸರಕ್ಕೆ ಎಂಬುದು ಗೊತ್ತಾದದ್ದು ಕ್ರಮವನ್ನು ತಿರುವಿದಾಗ. ವೇಳಾಪಟ್ಟಿ ಬದಲಾಗಿ ಒಂದು ಶನಿವಾರ 'ಸಿ' ಮೊದಲು ಬಂತು, ಅಂದು ಅದೇ ಅತ್ಯುತ್ತಮ ತರಗತಿಯಾಯಿತು.

ಆ ಮೇಲೆ ಒಂದು ಸಣ್ಣ ಉಪಾಯ ಮಾಡಿಕೊಂಡೆ. ಪಾಠಯೋಜನೆ ಮೂರಕ್ಕೂ ಒಂದೇ, ಆದರೆ ಪ್ರತಿ ವಿಭಾಗಕ್ಕೆ ನನಗಾಗಿ ಒಂದೊಂದು ಬೇರೆ ಪ್ರಶ್ನೆ, ಉತ್ತರ ನನಗೇ ಗೊತ್ತಿಲ್ಲದ್ದು. ಪ್ರಯೋಗ ಮಾಡುವ ಮೊದಲೇ ಫಲಿತಾಂಶ ಊಹಿಸಲು ಹೇಳಿದರೆ ಎಷ್ಟು ಜನ ಮಾತಾಡುತ್ತಾರೆ? ಪ್ರಯೋಗದ ನಂತರ ಕೇಳಿದರೆ? ಹಿಂದಿನ ಬೆಂಚಿನವರು ಮೊದಲು ಹೇಳಬೇಕೆಂದರೆ? ಹೀಗೆ ಮಾಡಿದಾಗ ಮೂರನೇ ಸಲದ ಪಾಠವೂ ನನಗೆ ಹೊಸದಾಗಿ ಉಳಿಯಿತು. ಪ್ರತಿ ದಿನ ಇದು ಸಾಧ್ಯವಾಯಿತೆಂದು ಹೇಳಲಾರೆ. ಕೆಲವು ದಿನ ನಿದ್ದೆಯೇ ಸಾಲದೆ, ಗಂಟೆಯನ್ನೇ ಕಾಯುತ್ತಾ ಪಾಠ ಮುಗಿಸಿದ್ದೂ ಉಂಟು.

ಇಲ್ಲಿ ಇನ್ನೊಂದು ಪ್ರಯೋಗವನ್ನು ನೆನೆಯಬೇಕು. ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ತುಂಡುಗಳನ್ನು ಜೋಡಿಸುವ ಸೋಮಾ ಎಂಬ ಒಗಟನ್ನು ಕೊಟ್ಟರು. ಬಿಡಿಸಿದ್ದಕ್ಕೆ ಕೆಲವರಿಗೆ ಹಣ ಕೊಟ್ಟು, ಆಮೇಲೆ ನಿಲ್ಲಿಸಿದರು. ಹಣ ಪಡೆದು ರೂಢಿಯಾದವರು ಬಿಡುವಿನ ವೇಳೆಯಲ್ಲಿ ಒಗಟನ್ನು ಕೈಗೆತ್ತಿಕೊಳ್ಳುವುದು ಕಡಿಮೆಯಾಯಿತು. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಇದನ್ನು ಬೆಳೆಸಿ, ಕೆಲಸದ ಒಳಗಿನ ಆಸಕ್ತಿ ಉಳಿಯಬೇಕಾದರೆ ಮನುಷ್ಯನಿಗೆ ತಾನೇ ಆರಿಸಿಕೊಂಡೆನೆಂಬ ಭಾವ, ಇದು ನನ್ನಿಂದ ಆಗುತ್ತದೆ ಎಂಬ ನಂಬಿಕೆ, ಜೊತೆಗಿರುವವರೊಂದಿಗೆ ಬಾಂಧವ್ಯ ಬೇಕು ಎಂದರು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅವಲೋಕನ ಪತ್ರ. ಹಿಂದಿನ ಬೆಂಚಿನಲ್ಲಿ ಅವಲೋಕಕರು ಕೂತ ದಿನ ನಾನು ಮಕ್ಕಳ ಮುಖ ನೋಡಿಲ್ಲ, ಅವರ ಪೆನ್ನು ನೋಡಿದ್ದೇನೆ. ಪಾಠಕ್ಕೆ ಒಳ್ಳೆಯ ಅಂಕ ಬಂತು. ಆ ದಿನ ಮಕ್ಕಳು ಏನು ಕೇಳಿದರೆಂದು ಕೇಳಿದರೆ ಒಂದೂ ನೆನಪಿಲ್ಲ. ಅವಲೋಕನ ಬೇಡವೆಂದು ಹೇಳುತ್ತಿಲ್ಲ, ನನ್ನ ಪಾಠ ಸುಧಾರಿಸಿದ್ದು ಆ ಟಿಪ್ಪಣಿಗಳಿಂದಲೇ. ಆದರೆ ಪಾಠವಾದ ಮೇಲಿನ ಚರ್ಚೆಯಲ್ಲಿ 'ಮಕ್ಕಳ ಯಾವ ಉತ್ತರ ನಿಮಗೆ ಆಶ್ಚರ್ಯ ತಂದಿತು?' ಎಂಬ ಒಂದು ಪ್ರಶ್ನೆ ಇದ್ದಿದ್ದರೆ ನನ್ನ ಕಣ್ಣು ಬೇರೆ ಕಡೆ ಇರುತ್ತಿತ್ತು.

'ಮೀಟರ್ ಕೆಟ್ಟಿದೆ ಮಿಸ್'

ಕಥೆಗೆ ಹಿಂದಿರುಗುತ್ತೇನೆ. ಪುಸ್ತಕಗಳನ್ನು ಗುಂಪು ಮಾಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಪ್ರಯೋಗಾಲಯದ ಬೀರುವಿನಲ್ಲಿ ಸರಿಯಾಗಿ ಕೆಲಸ ಮಾಡುವ ಅಮ್ಮೀಟರ್ ಒಂದೇ ಇತ್ತು. ಸರಣಿ ಮಂಡಲದಲ್ಲಿ ಅಮ್ಮೀಟರನ್ನು ಬೇರೆ ಬೇರೆ ಜಾಗದಲ್ಲಿಟ್ಟು ನೋಡುವ ಚಟುವಟಿಕೆ ಪಠ್ಯಪುಸ್ತಕದಲ್ಲೇ ಇದೆ, ನಾನು ಅದನ್ನು ಬಾಯಿಮಾತಿನಲ್ಲಿ ಹೇಳಿ ದಾಟಿಸಿದ್ದೆ. ಈಗ ಮಕ್ಕಳ ನಾಲ್ಕು ಉತ್ತರಗಳನ್ನೂ ಹೆಸರಿಲ್ಲದೆ ಬೋರ್ಡಿನ ಮೇಲೆ ಬರೆದು, ಕೈ ಎತ್ತಿಸಿ ಮತ ಹಾಕಿಸಿದೆ. ಆಮೇಲೆ ಬಲ್ಬಿಗೆ ಮುಂಚೆ ಅಮ್ಮೀಟರ್ ಇಟ್ಟು ಒಬ್ಬಳಿಂದ ಓದಿಸಿದೆ. ಅದನ್ನೇ ಬಲ್ಬಿನ ಆಚೆಗೆ ಇಟ್ಟು ಇನ್ನೊಬ್ಬನಿಂದ ಓದಿಸಿದೆ. ಮುಳ್ಳು ಅದೇ ಗೆರೆಯ ಮೇಲೆ ನಿಂತಿತು.

ಮೂರನೇ ಬೆಂಚಿನ ಹುಡುಗಿ ಎದ್ದು, 'ಮಿಸ್, ಮೀಟರ್ ಕೆಟ್ಟಿದೆ' ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. 'ಮುಳ್ಳು ಅಲ್ಲೇ ಸಿಕ್ಕಾಕೊಂಡಿರಬಹುದು ಅಲ್ವಾ ಮಿಸ್?' ಅದು ನಿಜವಾಗಿಯೂ ಒಳ್ಳೆಯ ಸಂಶಯ. ಉಪಕರಣವನ್ನೇ ಪರೀಕ್ಷಿಸದೆ ಓದಿದ್ದನ್ನು ನಂಬಬಾರದೆಂದು ನಾನು ಎರಡು ವರ್ಷ ಸಂಬಳ ಪಡೆದು ಕಲಿತ ಪಾಠ ಅದು. ಒಂದು ಶೆಲ್ ತೆಗೆಸಿದೆವು, ಮುಳ್ಳು ಕೆಳಗೆ ಬಂತು. ಮತ್ತೆ ಹಾಕಿದೆವು, ಮೇಲೆ ಹೋಯಿತು. ಮೀಟರ್ ಸರಿಯಿತ್ತು. ಅವಳು ಸ್ವಲ್ಪ ಹೊತ್ತು ನಿಂತೇ ಇದ್ದು, 'ಹಾಗಾದ್ರೆ ಬಲ್ಬು ಏನು ತಗೊಳ್ಳುತ್ತೆ?' ಎಂದು ಕೇಳಿದಳು.

ಒಂದು ವಾರದ ಹಿಂದೆ ನಾನು ಬೋರ್ಡಿನ ಮೇಲೆ ಬರೆದ ವಾಕ್ಯಗಳು ಉತ್ತರವಾಗಬೇಕಿದ್ದದ್ದು ಈ ಪ್ರಶ್ನೆಗೆ. ಆಗ ಪ್ರಶ್ನೆಯೇ ಹುಟ್ಟಿರಲಿಲ್ಲ. ಜಗಲಿಯಲ್ಲಿ ನಿಂತಿದ್ದ ಒಬ್ಬ ಹುಡುಗನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲ್ ತಿರುಗಿಸಿದೆವು. ಚೈನು ಹಿಂದಿನ ಚಕ್ರವನ್ನು ತಿರುಗಿಸುತ್ತದೆ, ಆದರೆ ಚಕ್ರ ಚೈನನ್ನು ತಿನ್ನುವುದಿಲ್ಲ. ಹೋದಷ್ಟೇ ಕೊಂಡಿಗಳು ಹಿಂದಿರುಗುತ್ತವೆ. ಚಕ್ರಕ್ಕೆ ಸೇರಿದ್ದು ಕಾಲಿನ ಶಕ್ತಿ. ಬ್ಯಾಟರಿ ಕಾಲು, ಪ್ರವಾಹ ಚೈನು, ಬಲ್ಬು ಚಕ್ರ. ಈ ಹೋಲಿಕೆ ಬಹಳ ದೂರ ಬರುವುದಿಲ್ಲ, ಸಮಾಂತರ ಜೋಡಣೆಗೆ ಹೋದರೆ ಕೈಕೊಡುತ್ತದೆ. ಅಂದಿಗೆ ಸಾಕಾಯಿತು.

ಸಂಜೆ ಮಾರ್ಗದರ್ಶಿ ಶಿಕ್ಷಕರಿಗೆ ಇದನ್ನೆಲ್ಲ ಹೇಳಿದೆ. ಅವರು ತಮ್ಮ ಡ್ರಾಯರಿನಿಂದ ಅಂಚು ಹರಿದ ಒಂದು ಲಾಂಗ್‌ಬುಕ್ ತೆಗೆದರು. ವರ್ಷವಾರು, ಮಕ್ಕಳು ಬರೆದ ವಿಚಿತ್ರ ಉತ್ತರಗಳು, ಕೇಳಿದ ಪ್ರಶ್ನೆಗಳು. 'ಪಾಠ ಅದೇ, ಮಕ್ಕಳು ಮಾತ್ರ ಬೇರೆ ಅಂತ ಎಲ್ಲರೂ ಹೇಳ್ತಾರೆ ಕಣಮ್ಮ. ಬೇರೆ ಅನ್ನೋದು ನಮಗೆ ಗೊತ್ತಾಗಬೇಕಾದ್ರೆ ಅವರು ಏನಾದ್ರೂ ಸ್ವಂತ ಬರೀಬೇಕಲ್ಲ?' ಎಂದರು. ನಾನು ಅವರನ್ನು ಅದುವರೆಗೆ, ಸಹಿ ಹಾಕುವ ಒಬ್ಬ ನಿವೃತ್ತಿಯಂಚಿನ ಶಿಕ್ಷಕರು ಎಂದಷ್ಟೇ ತಿಳಿದಿದ್ದೆ.

ಸಮಯದ ಲೆಕ್ಕ

ಇದನ್ನು ಓದಿ ಕಿರಿಯ ಪ್ರಶಿಕ್ಷಣಾರ್ಥಿಗಳು ಕೇಳಬಹುದು: ಐವತ್ತೆಂಟು ಸ್ವಂತ ಉತ್ತರ ಓದಲು ಹೊತ್ತೆಲ್ಲಿದೆ? ನ್ಯಾಯವಾದ ಪ್ರಶ್ನೆ. ಬೋರ್ಡಿನ ಟಿಪ್ಪಣಿಯನ್ನು ನಾನು ಬಿಟ್ಟಿಲ್ಲ, ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಅದು ಬೇಕು. ವಾರಕ್ಕೆ ಒಂದೇ ಪ್ರಶ್ನೆಯನ್ನು ಉತ್ತರ ಕೊಡದೆ ಬಿಡುತ್ತಿದ್ದೆ, ಎರಡು ಮೂರು ಸಾಲಿಗೆ ಮೀರಬಾರದೆಂದು ಹೇಳುತ್ತಿದ್ದೆ. ನಕಲು ಮಾಡಿದ ಪುಟಗಳನ್ನು ಮಕ್ಕಳೇ ಜೊತೆಗಾರರ ಪುಸ್ತಕ ಬದಲಾಯಿಸಿಕೊಂಡು ನೋಡುತ್ತಿದ್ದರು, ನಾನು ಸಹಿ ಮಾತ್ರ. ಹಾಗೆ ಉಳಿದ ಹೊತ್ತು ಆ ಒಂದು ಪ್ರಶ್ನೆಗೆ. ಮೊದಮೊದಲು ಹೆಚ್ಚು ಹಿಡಿಯಿತು, ನಾಲ್ಕನೇ ವಾರಕ್ಕೆ ಮುಕ್ಕಾಲು ಗಂಟೆಗೆ ಇಳಿಯಿತು. ಅಂದರೆ ಮೊದಲ ದಿನದ ಬೇಸರದ ಕೆಲಸಕ್ಕೆ ಹಿಡಿದಷ್ಟೇ.

ಎಲ್ಲ ಕೆಲಸವನ್ನೂ ಹೀಗೆ ತಿರುವಬಹುದು ಎಂದು ನಾನು ಹೇಳಿದರೆ ಅದೂ ಆ ಚೀಟಿಯಂಥ ಇನ್ನೊಂದು ಸುಳ್ಳಾಗುತ್ತದೆ. ರೂಪಣಾತ್ಮಕ ಮೌಲ್ಯಮಾಪನದ ಅಂಕಗಳನ್ನು ಒಂದು ಹಾಳೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ತುಂಬುವ ಕೆಲಸದಲ್ಲಿ ನಾನು ಏನು ಹುಡುಕಿದರೂ ಸಿಗಲಿಲ್ಲ. ಅದನ್ನು ಬೇಗ ಮುಗಿಸುವುದೊಂದೇ ದಾರಿ. ನಾವು ಬಂದೆವೆಂದು ದಿನಕ್ಕೆ ಮೂರು ನಾಲ್ಕು ಬದಲಿ ಪೀರಿಯಡ್ ಹಾಕಿದ ವಾರ ನನ್ನ ಉತ್ಸಾಹವೆಲ್ಲ ಇಂಗಿಹೋಗಿತ್ತು, ಉತ್ತರ ಕೊಡದೆ ಬಿಡುವ ಪ್ರಶ್ನೆಯನ್ನೂ ಆ ವಾರ ಕೈಬಿಟ್ಟೆ. ಅದು ನನ್ನ ಮನೋಭಾವದ ಕೊರತೆಯಲ್ಲ, ಹೊತ್ತಿನ ಕೊರತೆ.

ಆಮಿ ರೆಸ್ನಿಯೆವ್ಸ್ಕಿ ಮತ್ತು ಜೇನ್ ಡಟನ್ ಎಂಬ ಸಂಶೋಧಕಿಯರ 2001ರ ಪ್ರಬಂಧವನ್ನು ಈ ಸಂದರ್ಭದಲ್ಲಿ ಬಹಳ ಜನ ಉದಾಹರಿಸುತ್ತಾರೆ. ಆಸ್ಪತ್ರೆಯ ಶುಚಿಗಾರರಲ್ಲಿ ಕೆಲವರು ತಮ್ಮ ಕೆಲಸವನ್ನು ಬರೀ ಗುಡಿಸಿ ಒರೆಸುವುದೆಂದು ಕಂಡರು. ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಾ, ದಾದಿಯರ ಕೆಲಸಕ್ಕೆ ಹೊಂದುವಂತೆ ತಮ್ಮ ಕೆಲಸವನ್ನು ಜೋಡಿಸಿಕೊಳ್ಳುತ್ತಾ, ರೋಗ ವಾಸಿಮಾಡುವ ಕೆಲಸದಲ್ಲಿ ತಾವೂ ಪಾಲುದಾರರೆಂದು ಕಂಡರು. ಕೆಲಸವನ್ನು ಹೀಗೆ ಒಳಗಿನಿಂದಲೇ ಮರುರೂಪಿಸಿಕೊಳ್ಳಬಹುದೆಂಬುದು ಅವರ ವಾದ, ನನ್ನ ನೋಟ್‌ಬುಕ್ ಅನುಭವಕ್ಕೂ ಹೊಂದುತ್ತದೆ. ಆದರೆ ಈ ಉದಾಹರಣೆಯನ್ನು 'ದೂರಬೇಡಿ, ಇರುವುದರಲ್ಲೇ ಸಂತೋಷಪಡಿ' ಎಂಬ ಅರ್ಥಕ್ಕೆ ಎಳೆಯುವುದನ್ನೂ ಕೇಳಿದ್ದೇನೆ. ಶಾಲೆಯ ಗೋಡೆಗಳ ಮೇಲಿನ ಕಾಯಕದ ಮಾತಿಗೂ ನಾವು ಅದನ್ನೇ ಮಾಡಿದ್ದೇವೆ. ಹನ್ನೆರಡನೇ ಶತಮಾನದ ಶರಣರಲ್ಲಿ ಕಾಯಕದ ಜೊತೆಗೆ ದಾಸೋಹ ಇತ್ತು, ದುಡಿಮೆಯ ಫಲ ಹಂಚಿಕೊಳ್ಳುವ ಸಮುದಾಯ ಇತ್ತು. ಅಷ್ಟನ್ನೂ ಬಿಟ್ಟು ದುಡಿಯುವವರಿಗೆ ದುಡಿಮೆಯನ್ನಷ್ಟೇ ನೆನಪಿಸುವುದು ಸರಿಯಲ್ಲ. ಸ್ವಂತ ಉತ್ತರ ಓದಲು ಶಿಕ್ಷಕರಿಗೆ ದಿನಕ್ಕೆ ಒಂದು ಬಿಡುವಿನ ಪೀರಿಯಡ್ ಉಳಿಸಿಕೊಡುವುದು ವೇಳಾಪಟ್ಟಿ ಮಾಡುವವರ ಕೈಯಲ್ಲಿದೆ, ಅದು ಪ್ರೇರಣಾ ಭಾಷಣಕ್ಕಿಂತ ಹೆಚ್ಚು ಉಪಕಾರಿ.

ಈಗ ಯಾರಾದರೂ ಮತ್ತೆ ಆ ಚೀಟಿ ಕೊಟ್ಟರೆ, ಕೆಲಸ ಬೇಕಿತ್ತು ಅದಕ್ಕೆ ಬಂದೆ ಎಂದು ಬರೆಯುತ್ತೇನೆ. ಎರಡನೇ ಸಾಲಿನಲ್ಲಿ 'ಡಿಕ್ಕಿ' ಗುಂಪಿನ ಹುಡುಗನ ಬಗ್ಗೆ ಬರೆಯುತ್ತೇನೆ.

ಇಂಟರ್ನ್‌ಶಿಪ್‌ನ ಕೊನೆಯ ವಾರ ಅವನು ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ, ಯಾರೂ ಕೇಳದೆ, ಒಂದು ಪ್ರಶ್ನೆ ಬರೆದಿದ್ದ. ತಂತಿಯಲ್ಲಿ ಎಲೆಕ್ಟ್ರಾನುಗಳು ಬಹಳ ನಿಧಾನ ಚಲಿಸುತ್ತವೆ, ಇರುವೆಗಿಂತಲೂ ನಿಧಾನ ಎಂದು ನಾನು ಎಂದೋ ಹೇಳಿದ್ದೆ. ಹಾಗಿದ್ದರೆ ಸ್ವಿಚ್ ಒತ್ತಿದ ಕೂಡಲೇ ರಸ್ತೆಯ ಆ ತುದಿಯ ಲೈಟು ಹೇಗೆ ಹತ್ತುತ್ತದೆ ಮಿಸ್? ಸೈಕಲ್ ಚೈನನ್ನು ನೆನೆದುಕೋ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಅದರ ಕೆಳಗೆ ಎರಡು ಗೆರೆ ಜಾಗ ಬಿಟ್ಟು, 'ನಿನಗೆ ಏನನ್ನಿಸುತ್ತದೆ?' ಎಂದು ಬರೆದು ಪುಸ್ತಕ ಹಿಂದಿರುಗಿಸಿದೆ. ಉತ್ತರವನ್ನು ತಮ್ಮ ಲಾಂಗ್‌ಬುಕ್ಕಿನಲ್ಲಿ ಬರೆದಿಡುವುದಾಗಿ ಮಾರ್ಗದರ್ಶಿ ಶಿಕ್ಷಕರು ಒಪ್ಪಿಕೊಂಡಿದ್ದಾರೆ. ದಸರಾ ರಜೆ ಮುಗಿದ ಮೇಲೆ ಒಂದು ದಿನ ಹೋಗಿ ಓದಿಕೊಂಡು ಬರಬೇಕು.